52, 23, 25: ತೊಗರಿ ನಾಡಿನ ಅಂಚಿನಲ್ಲಿ ಹುಟ್ಟಿದ ಒಂದು ಬ್ಯಾಂಕ್, ಮತ್ತು ಅದನ್ನು ಕಟ್ಟಿದವರ ಕಥೆ

ಇವತ್ತಿನ ಸಂಚಿಕೆ ಬ್ಯಾಂಕಿನ ಬಗ್ಗೆ. ಬೇಸರ ಮಾಡ್ಕೋಬೇಡಿ, ಬಡ್ಡಿಯ ಪಾಠ ಹೇಳೋಕೆ ಕೂತಿಲ್ಲ. ಸಾಲ ಕೊಡುವ ಸಂಸ್ಥೆಯೊಂದರ ಮುಖ್ಯಸ್ಥರು, ತಾವು ಕೊಟ್ಟ ಸಾಲದಿಂದ ಜನರಿಗೆ ನಿಜವಾಗಿ ಒಳ್ಳೇದಾಯ್ತಾ ಅಂತ ಹೊರಗಿನವರ ಕೈಯಲ್ಲಿ ಲೆಕ್ಕ ಹಾಕಿಸಿದರು. ಬಂದ ಉತ್ತರ ಅವರಿಗೆ ಹಿತವಾಗಿರಲಿಲ್ಲ. ಆದರೂ ಅದನ್ನ ಬಹಿರಂಗವಾಗಿ ಹೇಳಿದರು, ಬರೆದರು. ಅವರ ಹೆಸರು ವಿಜಯ್ ಮಹಾಜನ್. ಅವರು ಕನ್ನಡದವರಲ್ಲ. ಆದರೆ ಅವರು ಕಟ್ಟಿದ ಬ್ಯಾಂಕಿನ ಹೆಸರಿನಲ್ಲಿ ನಮ್ಮ ಕೃಷ್ಣಾ ಇದ್ದಾಳೆ, ಭೀಮಾ ಇದ್ದಾಳೆ. ಅದಕ್ಕೇ ಈ ಕಥೆಯನ್ನ ನಾನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ನಿಂತು ಹೇಳ್ತೀನಿ.

ಕನ್ನಡದಲ್ಲಿ ಬ್ಯಾಂಕುಗಳ ಇತಿಹಾಸ ಅಂದ ಕೂಡಲೇ ನಮ್ಮ ಕಣ್ಣು ಕರಾವಳಿಗೆ ಹೋಗುತ್ತೆ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್ ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1928ರಲ್ಲಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಯೋಜನೆ. ಆ ಕಥೆ ಬೇಕಾದಷ್ಟು ಸಲ ಹೇಳಿದ್ದಾಗಿದೆ. ಅಲ್ಲಿ ಊರಿನವರ ದುಡ್ಡು ಊರಿನ ಬ್ಯಾಂಕಿಗೆ ಹೋಯ್ತು, ಬ್ಯಾಂಕ್ ಬೆಳೀತು, ಮಕ್ಕಳಿಗೆ ಅದರಲ್ಲೇ ನೌಕರಿ ಸಿಕ್ತು. ಕಲ್ಯಾಣ ಕರ್ನಾಟಕದಲ್ಲಿ ಹಾಗಾಗಲಿಲ್ಲ.

ಯಾಕೆ? ಕಾಗಿಣಾ ನದಿ ದಂಡೆಯ ಈ ಸೀಮೆಯನ್ನ ಒಂದ್ಸಲ ನೋಡಿ. ನೆಲದ ಕೆಳಗೆ ಸುಣ್ಣದ ಕಲ್ಲು, ನೆಲದ ಮೇಲೆ ತೊಗರಿ. ಕಲ್ಲಿಗೆ ಬಂಡವಾಳ ಬೇಗ ಬಂತು. ಮುಂಬೈ ಕಡೆಯಿಂದ ರೈಲು ಬಂತು. 1874ರ ಹೊತ್ತಿಗೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು, ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಹಾದು ಹೋಯ್ತು. ಚಿಂಚೋಳಿಗೆ ಮಾತ್ರ ಇಲ್ಲ. ಶಹಾಬಾದಿನ ಹಾಸುಗಲ್ಲು ಊರೂರು ಸೇರಿತು. 1936ರಲ್ಲಿ ಹಲವು ಸಿಮೆಂಟ್ ಕಂಪನಿ ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಸಿಮೆಂಟ್ ಕೂಡ ಇತ್ತು. ಆಮೇಲೆ ವಾಡಿ, ಆಮೇಲೆ ಮಳಖೇಡ, ಸೇಡಂ. ರಾಷ್ಟ್ರಕೂಟರ ರಾಜಧಾನಿಯ ಪಕ್ಕದಲ್ಲೇ ಚಿಮಣಿಗಳು ಎದ್ದವು. ಆದರೆ ಆ ಕಾರ್ಖಾನೆಗಳ ದೊಡ್ಡ ಲೆಕ್ಕ ನಡೆಯೋದು ದೊಡ್ಡ ಊರುಗಳಲ್ಲಿ. ನಾಲ್ಕೆಕರೆ ತೊಗರಿ ಹಾಕೋ ರೈತನಿಗೂ ಆ ದುಡ್ಡಿಗೂ ಸಂಬಂಧ ಕಡಿಮೆ.

ರೈತನಿಗೆ ಇದ್ದದ್ದು ಸಾಹುಕಾರ. ನೂರಕ್ಕೆ ತಿಂಗಳಿಗೆ ಎರಡು, ಮೂರು ಅನ್ನೋ ಲೆಕ್ಕ ಈಗಲೂ ಬಾಯಲ್ಲಿದೆ. ಮೂರು ಅಂದರೆ ವರ್ಷಕ್ಕೆ 36. ನಿಜಾಮರ ಕಾಲದಲ್ಲಿ ಇಲ್ಲಿ ನಡೀತಿದ್ದ ನಾಣ್ಯವೇ ಬೇರೆ, ಹಾಲಿ ಸಿಕ್ಕಾ. ಆ ನಾಣ್ಯ ವ್ಯವಸ್ಥೆ ನೋಡಿಕೊಳ್ಳೋಕೆ 1941ರಲ್ಲಿ ಕಾನೂನು ಆಗಿ, 1942ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಬಾಗಿಲು ತೆಗೆಯಿತು. ಇದೇ ಮುಂದೆ ನಮ್ಮ ಹಿರಿಯರೆಲ್ಲ ಎಸ್‌ಬಿಎಚ್ ಅಂತ ಕರೀತಿದ್ದ ಬ್ಯಾಂಕ್. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ ಕರಗಿಹೋಯ್ತು.

ಇಲ್ಲಿ ಒಂದು ಅಂಕಿ ಕೇಳಿ. 1951-52ರಲ್ಲಿ ರಿಸರ್ವ್ ಬ್ಯಾಂಕ್ ಇಡೀ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. ಎ.ಡಿ. ಗೋರವಾಲಾ ಸಮಿತಿ, ವರದಿ ಬಂದದ್ದು 1954ರಲ್ಲಿ. ಅದರ ಪ್ರಕಾರ ರೈತರು ಮಾಡಿದ ಒಟ್ಟು ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇ 0.9. ಸಹಕಾರ ಸಂಘಗಳದ್ದು ಶೇ 3.1. ಸರಿಸುಮಾರು ಶೇ 70ರಷ್ಟು ಲೇವಾದೇವಿಯವರ ಹತ್ತಿರ. ಅಂದರೆ ಬ್ಯಾಂಕ್ ಅನ್ನೋದು ಹಳ್ಳಿಯ ಮಟ್ಟಿಗೆ ಇರಲೇ ಇಲ್ಲ ಅಂತ ಇಟ್ಕೊಳ್ಳಿ.

ಆಮೇಲಿನ ಕಥೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ. 1975ರ ಅಕ್ಟೋಬರ್ 2ಕ್ಕೆ ಮೊದಲ ಗ್ರಾಮೀಣ ಬ್ಯಾಂಕುಗಳು. 1978ರಲ್ಲಿ ಗುಲಬರ್ಗಾದಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್, ಬೆನ್ನಿಗೆ ಸ್ಟೇಟ್ ಬ್ಯಾಂಕ್. ಅದು 2013ರಲ್ಲಿ ಪ್ರಗತಿ ಕೃಷ್ಣಾ ಆಯ್ತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್. ಬೋರ್ಡು ಬದಲಾದಷ್ಟು ಬೇಗ ಬೇರೇನೂ ಬದಲಾಗಿಲ್ಲ ಅಂತ ನನ್ನ ಅಭಿಪ್ರಾಯ, ಇರಲಿ. 1990ರಲ್ಲಿ 10 ಸಾವಿರದವರೆಗಿನ ಕೃಷಿ ಸಾಲ ಮನ್ನಾ, ಅದರ ಹಿಂದೆಯೇ ಆರ್ಥಿಕ ಸುಧಾರಣೆ. ಬ್ಯಾಂಕುಗಳಿಗೆ ಲಾಭ ತೋರಿಸಿ ಅಂದರು. ಲಾಭ ತೋರಿಸೋಕೆ ಸುಲಭ ದಾರಿ ಯಾವುದು? ಸಣ್ಣ ಸಾಲದಿಂದ ಕೈ ತೆಗೆಯೋದು.

ಮಹಾಜನ್ ಬರೋದು ಇಲ್ಲಿ.

ದೆಹಲಿ ಐಐಟಿಯಲ್ಲಿ ಎಂಜಿನಿಯರಿಂಗ್, ಫಿಲಿಪ್ಸ್ ಕಂಪನಿಯಲ್ಲಿ ಕೆಲಸ, ಆಮೇಲೆ ಅಹಮದಾಬಾದಿನ ಐಐಎಂ. ಆ ಕಾಲದಲ್ಲಿ ಈ ಓದಿಗೆ ಎಲ್ಲಿ ಬೇಕಾದರೂ ಕುರ್ಚಿ ಸಿಗ್ತಿತ್ತು. ಅವರು ಹಳ್ಳಿ ಕೆಲಸಕ್ಕೆ ಹೋದರು. 1983ರಲ್ಲಿ ದೀಪ್ ಜೋಶಿ ಮುಂತಾದವರ ಜೊತೆ ಸೇರಿ ಪ್ರದಾನ್ ಅನ್ನೋ ಸಂಸ್ಥೆ ಕಟ್ಟಿದರು. ಚೆನ್ನಾಗಿ ಓದಿದ ಹುಡುಗರನ್ನ ಹಳ್ಳಿಯಲ್ಲಿ ವೃತ್ತಿಪರರಾಗಿ ಕೂರಿಸೋದು ಅದರ ಉದ್ದೇಶ. ಆ ಕೆಲಸದಲ್ಲಿ ಅವರಿಗೆ ಮತ್ತೆ ಮತ್ತೆ ಎದುರಾದ ಗೋಡೆ ಒಂದೇ. ಬಾವಿಗೆ, ಎಮ್ಮೆಗೆ, ಮಗ್ಗಕ್ಕೆ ಯೋಜನೆ ತಯಾರು ಮಾಡಿ ಬ್ಯಾಂಕಿಗೆ ಹೋದರೆ ಬ್ಯಾಂಕ್ ಕೊಡಲ್ಲ. ಹಾಗಾದರೆ ನಾವೇ ಬ್ಯಾಂಕ್ ಆಗೋಣ ಅಂತ 1996ರಲ್ಲಿ ಬೇಸಿಕ್ಸ್ ಸಮೂಹ ಶುರು ಮಾಡಿದರು. ಹೈದರಾಬಾದಿನಲ್ಲಿ ಕಚೇರಿ. ಆರಂಭದ ಕೆಲಸ ನಡೆದ ಜಾಗಗಳಲ್ಲಿ ನಮ್ಮ ರಾಯಚೂರು ಒಂದು.

ಬೇಸಿಕ್ಸ್‌ನ ಸಾಲದ ಕಂಪನಿ ಬ್ಯಾಂಕಲ್ಲ. ಅದು ಜನರಿಂದ ಠೇವಣಿ ತಗೊಳ್ಳೋ ಹಾಗಿಲ್ಲ, ಬೇರೆ ಬ್ಯಾಂಕಿನಿಂದ ದುಡ್ಡು ತಂದು ಸಾಲ ಕೊಡಬೇಕು. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬಹಳ ಮುಖ್ಯವಾಗುತ್ತೆ. ಅದೇ 1996ರಲ್ಲಿ ಕೇಂದ್ರ ಸರ್ಕಾರ ಹೊಸದೊಂದು ಜಾತಿಯ ಬ್ಯಾಂಕಿಗೆ ಅನುಮತಿ ಕೊಟ್ಟಿತು: ಸ್ಥಳೀಯ ಪ್ರದೇಶ ಬ್ಯಾಂಕ್. 5 ಕೋಟಿ ಬಂಡವಾಳ ಸಾಕು. ಆದರೆ ಒಂದಕ್ಕೊಂದು ಅಂಟಿಕೊಂಡ ಮೂರೇ ಜಿಲ್ಲೆಯಲ್ಲಿ ವ್ಯವಹಾರ ಮಾಡಬೇಕು. ಮೂರು ಜಿಲ್ಲೆಯ ಠೇವಣಿ ಅದೇ ಮೂರು ಜಿಲ್ಲೆಯಲ್ಲಿ ಸಾಲವಾಗಿ ತಿರುಗಬೇಕು ಅನ್ನೋದು ಆಲೋಚನೆ. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಸಂಸ್ಥೆಗಳಿಗೆ ಮಾತ್ರ ಪರವಾನಗಿ ಸಿಕ್ಕಿತು. ಬೇಸಿಕ್ಸ್‌ಗೆ ಸಿಕ್ಕಿತು. 2001ರಲ್ಲಿ ಕೃಷ್ಣಾ ಭೀಮಾ ಸಮೃದ್ಧಿ ಸ್ಥಳೀಯ ಪ್ರದೇಶ ಬ್ಯಾಂಕ್ ಶುರುವಾಯ್ತು. ಮಹಬೂಬ್‌ನಗರ, ರಾಯಚೂರು, ಗುಲಬರ್ಗಾ, ಈ ಮೂರು ಜಿಲ್ಲೆ.

ಈ ಮೂರನ್ನೇ ಯಾಕೆ ಹಿಡಿದರು ಅಂತ ನಕ್ಷೆ ನೋಡಿದರೆ ತಿಳಿಯುತ್ತೆ. ಸೇಡಂನಿಂದ ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ತೆಲುಗು ನಾಡು. 1956ರ ರಾಜ್ಯ ಮರುವಿಂಗಡಣೆಗೆ ಮುಂಚೆ ತಾಂಡೂರು, ಕೊಡಂಗಲ್ ಎರಡೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಗೆರೆ ಎಳೆದರು, ಅವು ಆ ಕಡೆ ಹೋದವು. ಆದರೆ ರೈಲು ಅದೇ, ಸಂತೆ ಅದೇ, ಬೀಗತನ ಅದೇ, ತೊಗರಿ ಅದೇ. ಕಲ್ಲೂ ಅದೇ ಜಾತಿಯದು, ಈ ಕಡೆ ಶಹಾಬಾದ್ ಕಲ್ಲು, ಆ ಕಡೆ ತಾಂಡೂರು ಕಲ್ಲು ಅಂತ ಹೆಸರು ಅಷ್ಟೇ. ರಾಜ್ಯದ ಗೆರೆ ದಾಟಿ ಒಂದೇ ಸೀಮೆಯನ್ನ ಒಂದೇ ಸೀಮೆಯಾಗಿ ನೋಡಿದ ಬ್ಯಾಂಕು ಇದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಅದರ ಪರವಾನಗಿಯ ವ್ಯಾಪ್ತಿಯೊಳಗೆ ಬಂದವು.

ಈಗ ಸಣ್ಣ ಸಾಲದ ಲೆಕ್ಕ ನೋಡೋಣ, ಯಾಕಂದ್ರೆ ಇದು ತಿಳಿಯದಿದ್ದರೆ ಮುಂದಿನ ಜಗಳ ತಿಳಿಯಲ್ಲ. ಒಬ್ಬ ಸಿಬ್ಬಂದಿ ಬೈಕ್ ಹತ್ತಿ ಹಳ್ಳಿಗೆ ಹೋಗ್ತಾನೆ ಅಂತ ಇಟ್ಕೊಳ್ಳಿ. ಹೊಲ ನೋಡಬೇಕು, ಕಾಗದ ಬರೀಬೇಕು, ಕಂತು ವಸೂಲಿಗೆ ಮತ್ತೆ ಮತ್ತೆ ಹೋಗಬೇಕು. ಸಾಲ 5 ಲಕ್ಷ ಇರಲಿ, 5 ಸಾವಿರ ಇರಲಿ, ಓಡಾಟ ಅಷ್ಟೇ. 5 ಸಾವಿರಕ್ಕೆ ಶೇ 12ರ ಬಡ್ಡಿ ಅಂದರೆ ವರ್ಷಕ್ಕೆ 600 ರೂಪಾಯಿ. ಅದರಲ್ಲಿ ಪೆಟ್ರೋಲು, ಸಂಬಳ, ದುಡ್ಡು ತಂದ ಬ್ಯಾಂಕಿಗೆ ಬಡ್ಡಿ, ಮುಳುಗಿದ ಸಾಲ ಎಲ್ಲ ಕಳೆದರೆ ಉಳಿಯೋದು ಏನೂ ಇಲ್ಲ, ಕೈಯಿಂದಲೇ ಹೋಗುತ್ತೆ. ಹಾಗಾಗಿ ಕಿರುಸಾಲ ಸಂಸ್ಥೆಗಳು ಶೇ 20ಕ್ಕಿಂತ ಹೆಚ್ಚು ಬಡ್ಡಿ ಹಾಕಿದವು. ಸರ್ಕಾರಿ ಬ್ಯಾಂಕಿಗಿಂತ ಜಾಸ್ತಿ, ಸಾಹುಕಾರನಿಗಿಂತ ಕಡಿಮೆ. ಇದು ಸರಿಯಾ ತಪ್ಪಾ ಅನ್ನೋ ವಾದ 25 ವರ್ಷದಿಂದ ನಡೀತಾನೇ ಇದೆ. ನನ್ನ ಮಟ್ಟಿಗೆ, ದರಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಆ ಸಾಲದಿಂದ ಮನೆಯ ಆದಾಯ ಏರ್ತಾ?

ಮಹಾಜನ್ ಅದನ್ನೇ ಕೇಳಿದರು. 2001ರಲ್ಲಿ, ಬೇಸಿಕ್ಸ್‌ಗೆ ಐದು ವರ್ಷ ಆದಾಗ, ಐಎಂಆರ್‌ಬಿ ಅನ್ನೋ ಮಾರುಕಟ್ಟೆ ಸಮೀಕ್ಷೆ ಸಂಸ್ಥೆಗೆ ಕೆಲಸ ಒಪ್ಪಿಸಿದರು. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಸಾಲ ಪಡೆದ ಗ್ರಾಹಕರನ್ನ ಕೇಳಿ, ಅವರ ಆದಾಯ ಏನಾಯ್ತು ನೋಡಿ ಅಂತ. ಉತ್ತರ ಬಂತು. ಶೇ 52ರಷ್ಟು ಜನರ ಆದಾಯ ಹೆಚ್ಚಾಗಿತ್ತು. ಶೇ 23ರಷ್ಟು ಜನರದ್ದು ಇದ್ದ ಹಾಗೇ ಇತ್ತು. ಶೇ 25ರಷ್ಟು ಜನರ ಆದಾಯ ಇಳಿದಿತ್ತು.

ಆ ಕಾಲದ ಗಾಳಿ ಹೇಗಿತ್ತು ನೆನಪು ಮಾಡ್ಕೊಳ್ಳಿ. ಕಿರುಸಾಲ ಅಂದರೆ ಬಡತನಕ್ಕೆ ಮದ್ದು ಅಂತ ಜಗತ್ತಿನ ತುಂಬ ಮಾತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು, ಮುಹಮ್ಮದ್ ಯೂನುಸ್ ಹೆಸರು ಎಲ್ಲ ಕಡೆ. 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಅಂಥ ಹೊತ್ತಲ್ಲಿ, ನಾವು ಕೊಟ್ಟ ಸಾಲದಿಂದ ನಾಲ್ಕರಲ್ಲಿ ಒಂದು ಮನೆಗೆ ಒಳ್ಳೇದಾಗಲಿಲ್ಲ, ಇನ್ನೊಂದು ಮನೆ ಹಿಂದಕ್ಕೇ ಹೋಯ್ತು ಅಂತ ಕಂಪನಿಯ ಮುಖ್ಯಸ್ಥರೇ ಹೇಳೋದು ಸಣ್ಣ ವಿಷಯ ಅಲ್ಲ. ಬೇರೆ ಸಂಸ್ಥೆಗಳು ಮರುಪಾವತಿ ಶೇ 98, ಶೇ 99 ಅಂತ ಎದೆ ತಟ್ಟಿಕೊಳ್ತಿದ್ದವು. ಸಾಲ ತೀರಿಸಿದ ಅಂದ ಮಾತ್ರಕ್ಕೆ ಅವನು ಉದ್ಧಾರ ಆದ ಅಂತಲ್ಲ, ಕಿವಿಯ ಬಂಗಾರ ಮಾರಿಯೂ ಕಂತು ಕಟ್ಟಬಹುದು. 2005ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಮಹಾಜನ್, ಕಿರುಸಾಲದಿಂದ ಜೀವನೋಪಾಯದ ಹಣಕಾಸಿನ ಕಡೆ ಹೋಗಬೇಕು ಅಂತ ವಾದಿಸಿದರು.

ಆದಾಯ ಏರದೆ ಇದ್ದದ್ದಕ್ಕೆ ಅವರು ಕಂಡ ಕಾರಣ ಮೂರು. ಅಪಾಯವನ್ನ ತಡೆಯೋ ವ್ಯವಸ್ಥೆ ಇಲ್ಲ. ಇಳುವರಿ ಕಡಿಮೆ. ಕೊಳ್ಳುವಾಗ, ಮಾರುವಾಗ ಚೌಕಾಸಿ ಮಾಡೋ ಶಕ್ತಿ ಇಲ್ಲ. ಇದನ್ನ ಹಾಗೇ ತಂದು ಚಿತ್ತಾಪುರದ ಒಂದು ತೊಗರಿ ಹೊಲದಲ್ಲಿ ಇಡಿ. ಜೂನ್‌ನಲ್ಲೋ ಜುಲೈನಲ್ಲೋ ಬಿತ್ತನೆ, ಕೊಯ್ಲು ಡಿಸೆಂಬರ್, ಜನವರಿ. ಆರು ತಿಂಗಳು ಕೈಗೆ ಒಂದು ರೂಪಾಯಿ ಬರಲ್ಲ, ಆದರೆ ಸಾಲದ ಕಂತು ತಿಂಗಳಿಗೋ ವಾರಕ್ಕೋ ಬರುತ್ತೆ. ಮಳೆ ಹೆಚ್ಚಾಗಿ ನೀರು ನಿಂತರೆ ಬೇರು ಕೊಳೀತದೆ. ನೆಟೆ ರೋಗ ಬಂದರೆ ಹಸಿರಾಗಿದ್ದ ಗಿಡ ನಿಂತ ಹಾಗೇ ಒಣಗ್ತದೆ. ಹೂ ಬಿಡೋ ಹೊತ್ತಿಗೆ ಮೋಡ ಮುಸುಕಿದರೆ ಕಾಯಿಕೊರಕ. ಗಿಡ ಅಲುಗಾಡಿಸಿ ಹುಳು ಉದುರಿಸಿ ಚಾದರದಲ್ಲಿ ಹಿಡಿಯೋದನ್ನ ನಮ್ಮ ಕಡೆಯವರು ಎಲ್ಲರೂ ನೋಡಿದ್ದೀರಿ. ಇಷ್ಟೆಲ್ಲ ದಾಟಿ ರಾಶಿ ಮಾಡಿದರೆ, ಎಲ್ಲರ ಮಾಲೂ ಒಂದೇ ಸಲ ಮಾರುಕಟ್ಟೆಗೆ ಬಂದು ದರ ಬೀಳ್ತದೆ. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ತು, ಖುಷಿಯ ವಿಷಯ. ಆದರೆ ಕಂತಿನ ದಿನಕ್ಕೆ ಕಾಯಲಾರದೆ ಮಾರುವವನಿಗೆ ಆ ಗುರುತು ಎಷ್ಟು ಸಹಾಯ?

ಹೀಗಾಗಿ 2002ರಿಂದ ಬೇಸಿಕ್ಸ್ ತನ್ನ ಕೆಲಸ ಬದಲಾಯಿಸಿತು. ಬರೀ ಸಾಲ ಅಲ್ಲ. ಉಳಿತಾಯ, ವಿಮೆ ಸೇರಬೇಕು. ಜೊತೆಗೆ ಬೆಳೆಗೆ, ದನಕ್ಕೆ ಸಲಹೆ. ಜೊತೆಗೆ ರೈತರ ಗುಂಪು ಕಟ್ಟೋದು. ಜೀವನೋಪಾಯದ ತ್ರಿವಳಿ ಅಂತ ಹೆಸರಿಟ್ಟರು. ಹೆಸರು ಸ್ವಲ್ಪ ಜಾಸ್ತಿಯಾಯ್ತು ಅನ್ನಿಸಬಹುದು. ಆದರೆ ಅದರಿಂದ ಹುಟ್ಟಿದ ಒಂದು ಪ್ರಯೋಗ ಮಾತ್ರ ನಿಜಕ್ಕೂ ಹೊಸದು.

2003ರ ಮುಂಗಾರು. ಮಹಬೂಬ್‌ನಗರ ಜಿಲ್ಲೆ. ಇದೇ ಕೃಷ್ಣಾ ಭೀಮಾ ಬ್ಯಾಂಕಿನ ಮೂಲಕ, ಐಸಿಐಸಿಐ ಲೊಂಬಾರ್ಡ್ ಜೊತೆ ಸೇರಿ, ವಿಶ್ವಬ್ಯಾಂಕಿನ ತಾಂತ್ರಿಕ ಸಹಾಯದಿಂದ, 230 ಶೇಂಗಾ ಮತ್ತು ಹರಳು ಬೆಳೆಗಾರರಿಗೆ ಮಳೆ ವಿಮೆ ಮಾರಿದರು. ಭಾರತದಲ್ಲಿ ಇಂಥದ್ದು ಇದೇ ಮೊದಲು. ಹಳೆ ಬೆಳೆ ವಿಮೆಯಲ್ಲಿ ಇಳುವರಿ ಅಳೆದು, ವರದಿ ಹೋಗಿ, ದುಡ್ಡು ಬರೋ ಹೊತ್ತಿಗೆ ಮುಂದಿನ ಬೆಳೆಯೇ ಬಂದಿರ್ತಿತ್ತು. ಇಲ್ಲಿ ಹೊಲಕ್ಕೆ ಯಾರೂ ಬರೋದೇ ಬೇಡ. ಮಳೆ ಮಾಪಕದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ನೋಡು, ನಿಗದಿ ಮಾಡಿದ್ದಕ್ಕಿಂತ ಕಡಿಮೆಯಾದರೆ ಲೆಕ್ಕ ಹಾಕಿ ದುಡ್ಡು ಕೊಡು. ಯಾರ ಸಹಿಯೂ ಬೇಡ, ಯಾರ ಕಾಲೂ ಹಿಡಿಯೋದು ಬೇಡ.

ಇದರಲ್ಲಿ ದೋಷ ಇಲ್ವಾ? ಇದೆ. ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದು ಕೊಂಬಿಗೆ ಬಿಸಿಲು ಅಂತಾರಲ್ಲ, ಹಾಗೆ. ಮಾಪಕ ಇರೋ ಊರಲ್ಲಿ ಮಳೆ ಬಂತು, ನನ್ನ ಹೊಲಕ್ಕೆ ಬರಲಿಲ್ಲ ಅಂದರೆ ವಿಮೆ ಸಿಗಲ್ಲ. ಮಾಪಕಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಇದು ನ್ಯಾಯವಾಗಿ ನಡೆಯುತ್ತೆ. ಆದರೂ ಆ 230 ಜನರಿಂದ ಶುರುವಾದ ಆಲೋಚನೆ ಸರ್ಕಾರದ ಬಾಗಿಲವರೆಗೂ ಹೋಯ್ತು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಸರ್ಕಾರಿ ಪ್ರಯೋಗಕ್ಕೆ ಆಯ್ಕೆಯಾದದ್ದು ಕರ್ನಾಟಕ.

ಇಲ್ಲಿಗೇ ಮುಗಿಸಿದರೆ ಇದು ಚಂದದ ಕಥೆ. ಮುಗಿಯಲ್ಲ.

2005ರಿಂದ 2010ರವರೆಗೆ ಆಂಧ್ರದಲ್ಲಿ ಕಿರುಸಾಲ ಕಂಪನಿಗಳಿಗೆ ಹುಚ್ಚು ಹಿಡಿದ ಹಾಗೆ ಬಂಡವಾಳ ಹರಿದು ಬಂತು. ಒಂದೇ ಮನೆಗೆ ನಾಲ್ಕು ಕಂಪನಿ ಸಾಲ. ಒಬ್ಬರ ಕಂತು ಕಟ್ಟೋಕೆ ಇನ್ನೊಬ್ಬರ ಸಾಲ. 2010ರ ಆಗಸ್ಟ್‌ನಲ್ಲಿ ಎಸ್‌ಕೆಎಸ್ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಬಡವರ ಸಾಲದಿಂದ ಇಷ್ಟು ಲಾಭ ಇದೆಯಾ ಅಂತ ಜನ ಬೆರಗಾದರು. ವಸೂಲಿಯ ಕಿರುಕುಳ, ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಅಕ್ಟೋಬರ್ 15ಕ್ಕೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ವಸೂಲಿ ನಿಂತೇ ಹೋಯ್ತು. ಜನ ಕಟ್ಟಲ್ಲ ಅಂದರು, ಬ್ಯಾಂಕುಗಳು ಈ ಕಂಪನಿಗಳಿಗೆ ಹೊಸ ಸಾಲ ಕೊಡಲ್ಲ ಅಂದವು.

ಆಗ ಕಿರುಸಾಲ ಸಂಸ್ಥೆಗಳ ಒಕ್ಕೂಟದ ಅಧ್ಯಕ್ಷರಾಗಿ ಟಿವಿ ಮುಂದೆ ಕೂತು ಉತ್ತರ ಕೊಡಬೇಕಾದವರು ಯಾರು? ವಿಜಯ್ ಮಹಾಜನ್. ನನಗೆ ಇದು ಈ ವೃತ್ತಿಜೀವನದ ಅತಿ ಕಷ್ಟದ ಭಾಗ ಅನ್ನಿಸುತ್ತೆ. ಬರೀ ಸಾಲ ಕೊಟ್ಟರೆ ನಾಲ್ಕರಲ್ಲಿ ಒಂದು ಮನೆ ಕೆಳಗಿಳಿಯುತ್ತೆ ಅಂತ 2001ರಲ್ಲೇ ಕಂಡುಕೊಂಡವರು, ಒಂಬತ್ತು ವರ್ಷದ ಮೇಲೆ ಬರೀ ಸಾಲವನ್ನೇ ಬೆಳೆಸಿದ ಉದ್ಯಮದ ಪರವಾಗಿ ಮಾತಾಡಬೇಕಾಯ್ತು. ಅವರ ಸ್ವಂತ ಸಾಲದ ಕಂಪನಿಯೂ ಆಂಧ್ರದಲ್ಲಿ ಮುಳುಗಿತು. ತ್ರಿವಳಿಯಲ್ಲಿ ಸಲಹೆ ಕೊಡೋದು, ಗುಂಪು ಕಟ್ಟೋದು ನಿಧಾನದ ಕೆಲಸ, ಅದರಲ್ಲಿ ಲಾಭ ಕಡಿಮೆ. ಸಾಲ ಬೇಗ ಬೆಳೆಯುತ್ತೆ. ಉದ್ಯಮದ ಓಟದಲ್ಲಿ ನಿಧಾನದ ಕೆಲಸ ಹಿಂದೆ ಬಿತ್ತು. ಅವರನ್ನ ಮೋಸಗಾರ ಅನ್ನೋಕೆ ನನಗೆ ಯಾವ ಆಧಾರವೂ ಕಾಣಲ್ಲ, ಆದರೆ ಅಷ್ಟು ಮುಂಚೆ ಗೊತ್ತಿದ್ದೂ ಒಕ್ಕೂಟಕ್ಕೆ ಕಡಿವಾಣ ಹಾಕಲಿಲ್ಲ ಅನ್ನೋ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೂ ಆಗಲ್ಲ.

ಈಗ ಆಗ ನೆನಪಿಟ್ಕೊಳ್ಳಿ ಅಂದಿದ್ದ ವ್ಯತ್ಯಾಸಕ್ಕೆ ಬರೋಣ. ಠೇವಣಿ. ಸಾಲದ ಕಂಪನಿ ನೆಲ ಕಚ್ಚಿತು, ಯಾಕಂದ್ರೆ ಅದು ಬದುಕಿದ್ದದ್ದು ಬೇರೆ ಬ್ಯಾಂಕುಗಳ ದುಡ್ಡಿನ ಮೇಲೆ. ಆ ನಲ್ಲಿ ನಿಂತ ದಿನ ಎಲ್ಲ ನಿಂತಿತು. ಆದರೆ ಅದೇ ಸಮೂಹ ಹುಟ್ಟುಹಾಕಿದ ಕೃಷ್ಣಾ ಭೀಮಾ ಬ್ಯಾಂಕ್ ಉಳಿಯಿತು. ಅದು ಬ್ಯಾಂಕಾಗಿದ್ದರಿಂದ ಆ ಕಾನೂನಿನ ಹೊರಗಿತ್ತು. ಅದಕ್ಕಿಂತ ಮುಖ್ಯವಾಗಿ, ಅಲ್ಲಿದ್ದದ್ದು ಆ ಸೀಮೆಯ ಜನರದ್ದೇ ಉಳಿತಾಯ. ತಾವೇ ಇಟ್ಟ ದುಡ್ಡು ಅಂದಾಗ ಜನ ಸಾಲವನ್ನ ನೋಡೋ ರೀತಿಯೇ ಬೇರೆ. ಉಡುಪಿಯ ಪಿಗ್ಮಿಯವರು 1928ರಲ್ಲೇ ಇದನ್ನ ಅರ್ಥ ಮಾಡ್ಕೊಂಡಿದ್ದರು: ಮೊದಲು ಉಳಿತಾಯ, ಆಮೇಲೆ ಸಾಲ. ದೇಶದಲ್ಲಿ ಆ ಜಾತಿಯ ಬ್ಯಾಂಕುಗಳಲ್ಲಿ ಒಂದು ಪಂಜಾಬಿನಲ್ಲಿ ಕಿರು ಹಣಕಾಸು ಬ್ಯಾಂಕ್ ಆಯ್ತು, ಕೆಲವು ಮುಚ್ಚಿದವು ಅಥವಾ ವಿಲೀನವಾದವು. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಉಳಿದುಕೊಂಡ ಎರಡರಲ್ಲಿ ಕೃಷ್ಣಾ ಭೀಮಾ ಒಂದು.

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ? 2025ರ ಜನವರಿಯ ಸುದ್ದಿಗಳನ್ನ ನೆನಪು ಮಾಡ್ಕೊಳ್ಳಿ. ಕಿರುಸಾಲದ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರು, ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಸಾಲದ ಗುರುತು. ಆಂಧ್ರದ 2010, ಹದಿನೈದು ವರ್ಷ ತಡವಾಗಿ ಕರ್ನಾಟಕಕ್ಕೆ ಬಂದ ಹಾಗಿತ್ತು. ಫೆಬ್ರವರಿಯಲ್ಲಿ ನಮ್ಮ ಸರ್ಕಾರವೂ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೇಕಾಗಿದ್ದ ಕಾನೂನು, ಅನುಮಾನ ಇಲ್ಲ. ಮನೆ ಮುಂದೆ ಬಂದು ಕೂಗಾಡುವವನಿಗೆ ಇದು ಭಯ ಹುಟ್ಟಿಸುತ್ತೆ.

ಆದರೆ ಯಾರೂ ಕೂಗಾಡದೆ, ಪ್ರತಿ ಕಂತೂ ಸರಿಯಾದ ದಿನಕ್ಕೆ ಕಟ್ಟಿಯೂ, ವರ್ಷದ ಕೊನೆಗೆ ಮುಂಚಿಗಿಂತ ಬಡವರಾದ ಮನೆಗಳಿರ್ತಾವಲ್ಲ, ಆ 25ರ ಲೆಕ್ಕದವರು, ಅವರ ಬಗ್ಗೆ ಈ ಕಾನೂನಿನಲ್ಲಿ ಒಂದು ಸಾಲೂ ಇಲ್ಲ. ಸೇಡಂನಲ್ಲೋ ಚಿಂಚೋಳಿಯಲ್ಲೋ ಇವತ್ತು ಸಾಲ ಕೊಡ್ತಿರೋ ಪ್ರತಿ ಸಂಸ್ಥೆಯನ್ನೂ ಕೇಳಬಹುದಾದ ಪ್ರಶ್ನೆ 2001ರದ್ದೇ: ಎಷ್ಟು ಕೊಟ್ಟಿರಿ, ಎಷ್ಟು ವಾಪಸ್ ಬಂತು ಅಂತ ಆಮೇಲೆ ಹೇಳಿ. ಮೂರು ವರ್ಷ ನಿಮ್ಮ ಹತ್ತಿರ ಸಾಲ ಮಾಡಿದವರಲ್ಲಿ ಎಷ್ಟು ಮನೆ ಮೇಲೆ ಬಂದವು, ಎಷ್ಟು ಕೆಳಗೆ ಹೋದವು, ಅದನ್ನ ಹೇಳಿ.